ಬೆಲೆ ಇಳಿದ ಸೂಪರ್‌ಕಾರು, ಇಳಿಯದ ಬಿಡಿಭಾಗ

ಅಮೆರಿಕದಲ್ಲಿ 1999ರಲ್ಲಿ ಹೊಸ ಪೋರ್ಷೆ 911 ಕೊಳ್ಳಲು ಕನಿಷ್ಠ 65,000 ಡಾಲರ್ ಬೇಕಿತ್ತು. ಕಂಪನಿಯವರು 996 ಎಂದು ಕರೆದ ಆ ತಲೆಮಾರಿನ ಕಾರು ಈಗ ಅಲ್ಲಿನ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸುಮಾರು 25,000ದಿಂದ 35,000 ಡಾಲರಿಗೆ ಸಿಗುತ್ತದೆ. ಹೊಸ ಟೊಯೋಟಾ ಕ್ಯಾಮ್ರಿಗೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. 1997ರಿಂದ 2005ರವರೆಗೆ ಸುಮಾರು 1,75,000 ಕಾರುಗಳು ತಯಾರಾದ್ದರಿಂದ ಆಯ್ಕೆಗೆ ಬರವೂ ಇಲ್ಲ. ಇಷ್ಟು ಅಗ್ಗ ಏಕೆ ಎಂದು ಬಲ್ಲವರನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದು, ಹೆಡ್‌ಲೈಟಿನ ಆಕಾರ. ಒಡೆದು ಹುರಿದ ಮೊಟ್ಟೆ ಎಂದು ಅದನ್ನು ಆಡಿಕೊಂಡವರು ಇಂದಿಗೂ ಇದ್ದಾರೆ. ಎರಡನೆಯದು ಎಂಜಿನ್ನಿನ ಒಳಗಿರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬೇರಿಂಗ್. ಹೆಡ್‌ಲೈಟಿನ ಮಾತು ಅವರವರ ರುಚಿಗೆ ಬಿಟ್ಟದ್ದು. ಬೇರಿಂಗಿನ ಮಾತಿಗೆ ಕೋರ್ಟಿನಲ್ಲಿ ಅಂಕಿ ಸಿಕ್ಕಿದೆ.

ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟುಗಳಿಗೆ ತಿರುಗು ಬಲ ಸಾಗಿಸಲು ನಡುವೆ ಇಂಟರ್‌ಮೀಡಿಯೆಟ್ ಶಾಫ್ಟ್ (ಐಎಂಎಸ್) ಎಂಬ ಒಂದು ಶಾಫ್ಟ್ ಇದೆ. ಅದರ ಒಂದು ತುದಿಯನ್ನು ಹಿಡಿದು ನಿಂತಿರುವುದೇ ಐಎಂಎಸ್ ಬೇರಿಂಗ್. ಒಳಗೆ ಗ್ರೀಸ್ ತುಂಬಿ ಸೀಲ್ ಮಾಡಿದ ಸಾಮಾನ್ಯ ಬಾಲ್ ಬೇರಿಂಗ್ ಅದು. ವರ್ಷಗಳು ಕಳೆದಂತೆ ಸೀಲ್ ಸಡಿಲಾಗಿ ಎಂಜಿನ್ ಆಯಿಲ್ ಒಳಗೆ ನುಗ್ಗುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಗುಂಡುಗಳು ಸವೆಯುತ್ತವೆ. ಕೊನೆಗೆ ಬೇರಿಂಗ್ ಪುಡಿಯಾದರೆ ವಾಲ್ವು ಪಿಸ್ಟನ್‌ಗಳ ತಾಳ ತಪ್ಪಿ ಎಂಜಿನ್ ಗುಜರಿ ಸೇರುತ್ತದೆ. ಮುನ್ಸೂಚನೆ ಬಹಳ ಸಲ ಇರುವುದಿಲ್ಲ.

ಈ ಕಾರುಗಳ ಮಾಲೀಕರು ಪೋರ್ಷೆಯ ಉತ್ತರ ಅಮೆರಿಕ ಕಂಪನಿಯ ಮೇಲೆ ಹೂಡಿದ್ದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಾಯಿತು. 2001ರ ಮೇ 4ರಿಂದ 2005ರ ಫೆಬ್ರವರಿ 21ರ ನಡುವೆ ತಯಾರಾದ 911 ಮತ್ತು ಬಾಕ್ಸ್‌ಸ್ಟರ್ ಕಾರುಗಳಿಗೆ ಅದು ಅನ್ವಯಿಸಿತು. ಗಡುವು 10 ವರ್ಷ ಅಥವಾ 1,30,000 ಮೈಲಿ. ಆ ಪ್ರಕರಣದಿಂದ ಹೊರಬಂದು ಇಂದಿಗೂ ಮೆಕ್ಯಾನಿಕ್ಕುಗಳ ಬಾಯಲ್ಲಿರುವ ಅಂಕಿ ಹೀಗಿದೆ: ಗುಂಡುಗಳು ಎರಡು ಸಾಲಿನಲ್ಲಿರುವ ಮೊದಮೊದಲ ಬೇರಿಂಗ್ ಕೈಕೊಟ್ಟದ್ದು ಶೇ. 1ಕ್ಕಿಂತ ಕಡಿಮೆ, ಅನಂತರ ಬಂದ ಒಂದೇ ಸಾಲಿನದು ಸುಮಾರು ಶೇ. 8.

ನೂರಕ್ಕೆ ಎಂಟು ಹೆಚ್ಚೋ ಕಡಿಮೆಯೋ? ಲೆಕ್ಕ ಹಾಕಿ ನೋಡಬಹುದು. ಬೇರಿಂಗ್ ಪುಡಿಯಾದ ಕಾರಿಗೆ ಬೇರೆ ಎಂಜಿನ್ ಕೂರಿಸಲು ಅಮೆರಿಕದಲ್ಲಿ ಸುಮಾರು 20,000 ಡಾಲರ್ ಎಂದು ಹಿಡಿಯೋಣ. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ತೆಗೆದು, ಮುಂಜಾಗ್ರತೆಗೆ ಗಟ್ಟಿ ಬೇರಿಂಗ್ ಹಾಕಿಸಲು ಸುಮಾರು 3,000 ಡಾಲರ್. ನೂರು ಕಾರುಗಳ ಒಬ್ಬನೇ ಮಾಲೀಕನಿದ್ದರೆ, ಏನೂ ಮಾಡದೆ ಕೂತರೂ ಅವನಿಗೆ ತಗಲುವುದು ಎಂಟು ಎಂಜಿನ್ನಿನ ಖರ್ಚು, 1,60,000 ಡಾಲರ್. ಎಲ್ಲಕ್ಕೂ ಬೇರಿಂಗ್ ಬದಲಿಸಿದರೆ 3,00,000. ಅವನು ಕೈಕಟ್ಟಿ ಕೂರುವುದೇ ಲಾಭ. ಆದರೆ ನೀವು ಕೊಳ್ಳುವುದು ಒಂದೇ ಕಾರು. ನಿಮ್ಮ ಪಾಲಿಗೆ ಬರುವುದು ಸರಾಸರಿಯ 1,600 ಡಾಲರ್ ಅಲ್ಲ, ಒಂದೋ ಸೊನ್ನೆ, ಇಲ್ಲವೇ 20,000. ಕಾರಿನ ಬೆಲೆಯೇ 30,000 ಆಗಿರುವಾಗ ಮೂರನೇ ಎರಡು ಭಾಗ ಒಂದೇ ಬೆಳಿಗ್ಗೆ ಹೋದಂತೆ. ಆದ್ದರಿಂದ ಗಣಿತ ಬೇಡ ಎಂದರೂ ಕ್ಲಚ್ ಬದಲಿಸುವ ಹೊತ್ತಿನಲ್ಲಿ ಬೇರಿಂಗನ್ನೂ ಬದಲಿಸುವವರನ್ನು ನಾನು ಹೆದರುಪುಕ್ಕಲರೆನ್ನುವುದಿಲ್ಲ. ಅವರು ಕೊಡುತ್ತಿರುವುದು ವಿಮೆಯ ಕಂತು.

ಇದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಇಪ್ಪತ್ತು ವರ್ಷ, ಲಕ್ಷ ಮೈಲಿ ದಾಟಿಯೂ ಮೂಲ ಬೇರಿಂಗಿನಲ್ಲೇ ಓಡುತ್ತಿರುವ ಕಾರಿಗೆ ಆ ಶೇ. 8 ಹಾಗೆಯೇ ಅನ್ವಯಿಸುವುದಿಲ್ಲ. ಬೇಗ ಕೆಡಬೇಕಾದವು ಆಗಲೇ ಕೆಟ್ಟು ಪಟ್ಟಿಯಿಂದ ಹೊರಬಿದ್ದಿವೆ. 996ರ ಟರ್ಬೊ ಮತ್ತು ಜಿಟಿ3 ಮಾದರಿಗಳಿಗೆ ಈ ಭಯವೇ ಇಲ್ಲ, ಏಕೆಂದರೆ ಅವುಗಳ ಎಂಜಿನ್ ರೇಸಿನ ಮೂಲದ ಬೇರೆಯದೇ ಎಂಜಿನ್. ಪೇಟೆಗೆ ಅದು ಗೊತ್ತಿರುವುದರಿಂದ ಬೆಲೆಯೂ ಬೇರೆಯೇ. 2006ರಿಂದ 2008ರವರೆಗಿನ ಮಾದರಿಗಳಲ್ಲಿ ಬೇರಿಂಗ್ ದೊಡ್ಡದಾಯಿತು, ಕೆಡುವುದು ಅಪರೂಪವಾಯಿತು, ಆದರೆ ಬದಲಿಸಬೇಕೆಂದರೆ ಎಂಜಿನ್ನನ್ನೇ ಎರಡು ಹೋಳು ಮಾಡಬೇಕು. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ.

ಐಎಂಎಸ್ ಐಎಂಎಸ್ ಎಂದು ಎಲ್ಲರೂ ಜಪಿಸುವಾಗ ಅದೇ ಎಂಜಿನ್ನಿನ ಇನ್ನೊಂದು ರೋಗ ಮರೆಯಾಗಿಬಿಡುತ್ತದೆ. ಸಿಲಿಂಡರಿನ ಒಳಗೋಡೆಯಲ್ಲಿ ಪಿಸ್ಟನ್ ಉಜ್ಜಿ ಗೀರು ಬೀಳುವುದು. ರಿಪೇರಿಗೆ ಎಂಜಿನ್ ಪೂರ್ತಿ ಬಿಚ್ಚಬೇಕಾದ್ದರಿಂದ ಖರ್ಚು ಬೇರಿಂಗ್ ಅನಾಹುತಕ್ಕಿಂತ ಕಡಿಮೆಯಿಲ್ಲ. ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಗೀರು ಕಾಣುತ್ತದೆ. ಕೊಳ್ಳುವವರಲ್ಲಿ ಬಹಳ ಜನ ಬೇರಿಂಗ್ ಬದಲಿಸಿದ ಬಿಲ್ ನೋಡಿ ನೆಮ್ಮದಿಯಿಂದ ಹಣ ಕೊಟ್ಟುಬಿಡುತ್ತಾರೆ.

ಒಂದು ಕಾರಿಗೆ ಒಂದೇ ಅಪಾಯವಿದ್ದರೆ ಲೆಕ್ಕ ಸುಲಭ. ಹಲವು ಸೇರಿದಾಗ ಹಾಗಲ್ಲ. ಉದಾಹರಣೆಗೆ, ಐದು ವರ್ಷದಲ್ಲಿ ಒಂದು ದೊಡ್ಡ ದೋಷ ಬರುವ ಸಾಧ್ಯತೆ ಶೇ. 8, ಇನ್ನೊಂದಕ್ಕೆ ಶೇ. 10, ಮತ್ತೊಂದಕ್ಕೆ ಶೇ. 15 ಎಂದು ಊಹಿಸಿ. ಬಿಡಿಬಿಡಿಯಾಗಿ ಯಾವುದೂ ನಿದ್ದೆಗೆಡಿಸುವಂಥದ್ದಲ್ಲ. ಆದರೆ ಮೂರರಲ್ಲಿ ಒಂದೂ ಬಾರದಿರುವ ಸಾಧ್ಯತೆ 0.92 × 0.90 × 0.85, ಅಂದರೆ ಶೇ. 70. ಹತ್ತು ಜನ ಕೊಂಡರೆ ಮೂವರಿಗೆ ಒಂದಲ್ಲ ಒಂದು ದೊಡ್ಡ ಬಿಲ್ ಕಾದಿದೆ.

ಕಿಲೋಮೀಟರಿಗೆ 567 ರೂಪಾಯಿಯ ಬೆಲ್ಟು

ಫೆರಾರಿಯ ಮಾತು ಬೇರೆ. ಅಲ್ಲಿ ದೊಡ್ಡ ಖರ್ಚು ಆಕಸ್ಮಿಕವಲ್ಲ, ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು.

ಎಫ್‌355 ಮಾದರಿ 1994ರಿಂದ 1999ರವರೆಗೆ ತಯಾರಾಯಿತು, ಒಟ್ಟು 11,273 ಕಾರು. 3.5 ಲೀಟರಿನ ವಿ8 ಎಂಜಿನ್, ಒಂದೊಂದು ಸಿಲಿಂಡರಿಗೆ ಐದು ವಾಲ್ವು, ಒಟ್ಟು 40. ನೋಡಲು ಅದಕ್ಕಿಂತ ಚಂದದ ಫೆರಾರಿ ಆಮೇಲೆ ಬಂದಿಲ್ಲ ಎನ್ನುವವರ ಗುಂಪಿನಲ್ಲಿ ನಾನೂ ಒಬ್ಬ. ಈ 40 ವಾಲ್ವುಗಳ ಕ್ಯಾಮ್‌ಶಾಫ್ಟುಗಳನ್ನು ತಿರುಗಿಸುವುದು ರಬ್ಬರ್ ಬೆಲ್ಟು. ಬೆಲ್ಟು ತುಂಡಾದರೆ ಎಂಜಿನ್ ಹೋದಂತೆಯೇ, ಹಾಗಾಗಿ ಮೂರು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಕೆಲವರು ಐದಕ್ಕೆ ಎಳೆಯುತ್ತಾರೆ. ಬೆಲ್ಟಿನ ಬೆಲೆ ಹೆಚ್ಚಲ್ಲ. ಆದರೆ ಬೆಲ್ಟು ಇರುವ ಮೂಲೆಗೆ ಕೈ ಹೋಗುವುದಿಲ್ಲ. ಕಾರನ್ನು ಲಿಫ್ಟಿಗೆ ಏರಿಸಿ, ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಚೌಕಟ್ಟನ್ನು ಒಟ್ಟಾಗಿ ಕೆಳಗಿಳಿಸಬೇಕು. ಇಳಿಸಿದ ಮೇಲೆ ಅಲ್ಲೇ ಕಾಣುವ ಸವೆದ ಪೈಪು, ಸೋರುವ ಸೀಲು, ನೀರಿನ ಪಂಪನ್ನೂ ಸರಿಮಾಡಿಸದೆ ಬಿಡುವುದು ದಡ್ಡತನ. ಹಾಗಾಗಿ ಅಮೆರಿಕದ ಖಾಸಗಿ ಗ್ಯಾರೇಜಿನಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಕೇಳುವ ಮೊತ್ತ 8,000ದಿಂದ 12,000 ಡಾಲರ್.

ನಡುವಿನ 10,000 ಹಿಡಿಯೋಣ. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 85 ರೂಪಾಯಿ ಎಂದುಕೊಂಡರೆ 8.5 ಲಕ್ಷ ರೂಪಾಯಿ, ವರ್ಷಕ್ಕೆ 2.83 ಲಕ್ಷ. ಕಾರು ವರ್ಷಕ್ಕೆ 6,000 ಕಿಲೋಮೀಟರ್ ಓಡಿದರೆ ಬೆಲ್ಟಿನ ಖರ್ಚು ಕಿಲೋಮೀಟರಿಗೆ 47 ರೂಪಾಯಿ. 3,000 ಓಡಿದರೆ 94. 1,500 ಓಡಿದರೆ 189. ಭಾನುವಾರ ಬೆಳಿಗ್ಗೆ ಮಾತ್ರ ಹೊರತೆಗೆದು ವರ್ಷಕ್ಕೆ 500 ಕಿಲೋಮೀಟರ್ ಓಡಿಸಿದರೆ 567 ರೂಪಾಯಿ. ಇಂಥ ಕಾರು ಲೀಟರಿಗೆ 6 ಕಿಲೋಮೀಟರ್ ಕೊಟ್ಟರೆ, ಪೆಟ್ರೋಲು 103 ರೂಪಾಯಿಯಾದರೂ, ಇಂಧನದ ಖರ್ಚು ಕಿಲೋಮೀಟರಿಗೆ 17 ರೂಪಾಯಿ ಮಾತ್ರ. ಅಂದರೆ ದಿನವೂ ಓಡಿಸುವವನಿಗೂ ಪೆಟ್ರೋಲಿಗಿಂತ ಬೆಲ್ಟೇ ದುಬಾರಿ, ಮುಟ್ಟದೆ ನಿಲ್ಲಿಸಿಟ್ಟವನಿಗೆ 33 ಪಟ್ಟು ದುಬಾರಿ.

ಸೆಕೆಂಡ್ ಹ್ಯಾಂಡ್ ಪೇಟೆಯ ಒಂದು ದೊಡ್ಡ ಮೂಢನಂಬಿಕೆ ಇಲ್ಲಿ ಬಯಲಾಗುತ್ತದೆ. ಮಾರುತಿಯ ಮಟ್ಟಿಗೆ ಕಡಿಮೆ ಓಡಿದ ಕಾರೇ ಒಳ್ಳೆಯ ಕಾರು ಎನ್ನುವುದು ಸರಿ. ಫೆರಾರಿಯಲ್ಲಿ ರಬ್ಬರು, ಸೀಲು, ಬ್ರೇಕ್ ಆಯಿಲ್, ಟಯರು, ಬ್ಯಾಟರಿ ಎಲ್ಲವೂ ಕಿಲೋಮೀಟರ್ ನೋಡಿಯಲ್ಲ, ವರ್ಷ ನೋಡಿ ಹಾಳಾಗುತ್ತವೆ. ಹದಿನೈದು ವರ್ಷದಲ್ಲಿ 9,000 ಕಿಲೋಮೀಟರ್ ಓಡಿದ ಕಾರಿಗೆ ಜನ ಹೆಚ್ಚುವರಿ ಹಣ ಕೊಡುತ್ತಾರೆ, ಆಮೇಲೆ ಅದನ್ನು ಓಡಿಸತೊಡಗಿದ ಮೊದಲ ವರ್ಷವೇ ಸೋರಿಕೆಗಳ ಮೆರವಣಿಗೆ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿ, ಪ್ರತಿ ಕೆಲಸಕ್ಕೂ ಬಿಲ್ ಇರುವ ಕಾರು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ಓಡೊಮೀಟರಿನಲ್ಲಿ 60,000 ಇದ್ದರೂ.

ಎಫ್‌355ಕ್ಕೆ ಬೆಲ್ಟಿನ ಜೊತೆ ವಾಲ್ವ್ ಗೈಡ್ ಸವೆಯುವ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರಿಯುವ ಹೆಸರೂ ಇದೆ. 1999ರಲ್ಲಿ ಬಂದ 360 ಮೊಡೆನಾದಲ್ಲಿ ಕಂಪನಿ ಸೀಟಿನ ಹಿಂದೆ ಒಂದು ಮುಚ್ಚಳ ಕೊಟ್ಟಿತು. ಅದನ್ನು ತೆಗೆದರೆ ಎಂಜಿನ್ ಇಳಿಸದೆಯೇ ಬೆಲ್ಟು ಕೈಗೆ ಸಿಗುತ್ತದೆ. ಆ ಮುಚ್ಚಳದ ಬೆಲೆ ಎಷ್ಟೆಂದು ಅಂದಾಜು ಮಾಡಬಹುದು: 360ರ ಬೆಲ್ಟಿನ ಕೆಲಸಕ್ಕೆ 4,000 ಡಾಲರ್ ಎಂದಾದರೆ ವರ್ಷಕ್ಕೆ 1.13 ಲಕ್ಷ ರೂಪಾಯಿ, 1,500 ಕಿಲೋಮೀಟರ್ ಓಡಿಸುವವನಿಗೆ ಕಿಲೋಮೀಟರಿಗೆ 76 ರೂಪಾಯಿ. ಅಲ್ಲಿಗೆ 113 ರೂಪಾಯಿ ಉಳಿತಾಯ. 2004ರ ಎಫ್‌430ರಲ್ಲಿ ಬೆಲ್ಟು ಹೋಗಿ ಚೈನು ಬಂತು, ಕ್ಯಾಲೆಂಡರಿನ ಆ ಖರ್ಚು ಮಾಯವಾಯಿತು. ಆದರೆ ಎಫ್‌430ರ ಬೆಲೆ 360ಕ್ಕಿಂತ ಮೇಲೆಯೇ ನಿಂತಿದೆ. ಮೆಕ್ಯಾನಿಕ್ಕಿಗೆ ಕೊಡುತ್ತಿದ್ದ ಹಣವನ್ನು ಮಾರುವವನಿಗೆ ಮೊದಲೇ ಕೊಟ್ಟಂತಾಯಿತು. ಮ್ಯಾನಿಫೋಲ್ಡ್ ಬಿರಿಯುವ ರೋಗ ಅದಕ್ಕೂ ಇದೆ.

ಹೋಂಡಾ ಎನ್‌ಎಸ್‌ಎಕ್ಸ್ ಇದೇ ಮಾತನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. 1990ರಿಂದ 2005ರವರೆಗೆ ಸುಮಾರು 18,000 ಕಾರು, ಅಲ್ಯೂಮಿನಿಯಂ ದೇಹ, ಸಿವಿಕ್‌ನಷ್ಟೇ ತಕರಾರಿಲ್ಲದ ವಿ6. ಮೊದಲ ಒಂದೆರಡು ವರ್ಷದ ಗೇರ್‌ಬಾಕ್ಸಿನಲ್ಲಿ ಒಡೆಯುವ ಒಂದು ಸ್ನ್ಯಾಪ್ ರಿಂಗ್ ಬಿಟ್ಟರೆ ದೊಡ್ಡ ದೂರಿಲ್ಲ. ಹೊಸದಾಗಿ ಸುಮಾರು 60,000 ಡಾಲರಿಗೆ ಮಾರಾಟವಾದದ್ದು, ಈಗ ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದಕ್ಕಿಂತ ಹೆಚ್ಚು. ನಂಬಿಕೆಗೆ ಪೇಟೆ ದರ ಕಟ್ಟಿಯಾಗಿದೆ. ಅಗ್ಗವಾಗಿಯೂ ನಂಬಿಕಸ್ಥವಾಗಿಯೂ ಇರುವ ಸೂಪರ್‌ಕಾರು ಎಲ್ಲಾದರೂ ಸಿಕ್ಕರೆ, ಅದು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ ಎಂದಷ್ಟೇ ಅರ್ಥ.

10 ಕಿಲೋಮೀಟರಿಗೆ 34 ನಿಮಿಷ

ಫೆರಾರಿ 1997ರಲ್ಲಿ ಎಫ್‌355ಕ್ಕೆ ಎಫ್‌1 ಗೇರ್ ಎಂಬುದನ್ನು ಕೊಟ್ಟಿತು. ಕ್ಲಚ್ ಪೆಡಲ್ ಇಲ್ಲ, ಸ್ಟೀರಿಂಗಿನ ಹಿಂದಿನ ಎರಡು ಪಟ್ಟಿ ಎಳೆದರೆ ಗೇರ್ ಬದಲಾಗುತ್ತದೆ. ಲ್ಯಾಂಬೊರ್ಗಿನಿ ಗಯಾರ್ಡೊದಲ್ಲಿ ಇದರ ಹೆಸರು ಇ-ಗೇರ್. ಆಟೊಮ್ಯಾಟಿಕ್ ಎಂದು ಕಂಡರೂ ಒಳಗಿರುವುದು ಮಾಮೂಲಿ ಕ್ಲಚ್. ಕಾಲಿನ ಬದಲು ಹೈಡ್ರಾಲಿಕ್ ಪಂಪು ಒತ್ತುತ್ತದೆ. ಖಾಲಿ ರಸ್ತೆಯಲ್ಲಿ ಅದಕ್ಕೇನೂ ಆಗುವುದಿಲ್ಲ. ಇಂಚಿಂಚಾಗಿ ತೆವಳುವ ಟ್ರಾಫಿಕ್ಕಿನಲ್ಲಿ ಕಂಪ್ಯೂಟರು ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ರಿವರ್ಸಿನಲ್ಲಿ ಇಳಿಜಾರು ಹತ್ತಿಸಿದರಂತೂ ವಾಸನೆ ಬರುತ್ತದೆ.

ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಗಂಟೆಗೆ 17.6 ಕಿಲೋಮೀಟರ್ ವೇಗ. ಗಂಟೆಗೆ 300 ದಾಟಬಲ್ಲ ಕಾರಿಗೆ! ಕ್ಲಚ್ ಬದಲಿಸಲು 5,000 ಡಾಲರ್, ಅಂದರೆ 4.25 ಲಕ್ಷ ರೂಪಾಯಿ ಎಂದುಕೊಳ್ಳಿ. ಹೆದ್ದಾರಿಯಲ್ಲೇ ಹೆಚ್ಚು ಓಡಿ 25,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ 17 ರೂಪಾಯಿ. ಊರೊಳಗೆ ತೆವಳಿ 10,000ಕ್ಕೇ ಮುಗಿದರೆ 42.50. ಆದ್ದರಿಂದ ಇಂಥ ಕಾರು ನೋಡಲು ಹೋದಾಗ ಎಷ್ಟು ಓಡಿದೆ ಎಂಬ ಪ್ರಶ್ನೆಗಿಂತ ಎಲ್ಲಿ ಓಡಿದೆ ಎಂಬುದು ಮುಖ್ಯ. ಡಯಾಗ್ನೊಸ್ಟಿಕ್ ಕಂಪ್ಯೂಟರ್ ಚುಚ್ಚಿದರೆ ಕ್ಲಚ್ ಶೇಕಡಾ ಎಷ್ಟು ಸವೆದಿದೆ ಎಂದು ಅಂಕಿ ಬರುತ್ತದೆ. ಆದರೆ ಹಿಂದೊಮ್ಮೆ ಕ್ಲಚ್ ಹಾಕಿದವನು ಹೊಸ ಅಳತೆಯನ್ನು ಸರಿಯಾಗಿ ದಾಖಲಿಸದೆ ಹೋಗಿದ್ದರೆ ಆ ಅಂಕಿಯೂ ಸುಳ್ಳು ಹೇಳುತ್ತದೆ. ಕ್ಲಚ್ ಹಾಕಿಸಿದ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಓದಬೇಕು.

ಈ ಕಾರುಗಳು ಹೊಸದಾಗಿದ್ದಾಗ ಜನ ಎಫ್‌1 ಗೇರಿಗೆ ಹೆಚ್ಚು ಹಣ ಕೊಟ್ಟು ಕೊಂಡರು. ಈಗ ಅದೇ 360, ಎಫ್‌430 ಕಾರುಗಳಲ್ಲಿ ಮ್ಯಾನ್ಯುಯಲ್ ಗೇರಿನದಕ್ಕೆ ಬೇಡಿಕೆ, ಅದೂ ಲಕ್ಷಗಟ್ಟಲೆ ಹೆಚ್ಚು ಬೆಲೆಗೆ. 2008ರ ಕ್ಯಾಲಿಫೋರ್ನಿಯಾ, ಅನಂತರದ 458 ಮಾದರಿಗಳಿಗೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಬಂದ ಮೇಲೆ ಸವೆತದ ರಗಳೆ ಕಡಿಮೆಯಾಯಿತು. ಅದು ಕೆಟ್ಟರೆ ಮಾತ್ರ ಬಿಲ್ ಹತ್ತಾರು ಸಾವಿರ ಡಾಲರಿನದು.

ರೀಕಾಲ್‌ಗಳನ್ನು ಇಲ್ಲಿ ಬೇಗ ಹೇಳಿ ಮುಗಿಸುತ್ತೇನೆ. 2010ರಲ್ಲಿ ಫೆರಾರಿ 458ರ ಚಕ್ರದ ಮೇಲಿನ ಭಾಗಕ್ಕೆ ಬಳಸಿದ್ದ ಅಂಟು ಬಿಸಿಗೆ ಹೊತ್ತಿಕೊಳ್ಳುತ್ತದೆಂದು ಆವರೆಗೆ ತಯಾರಾಗಿದ್ದ 1,248 ಕಾರುಗಳನ್ನೂ ಕಂಪನಿ ವಾಪಸ್ ಕರೆಯಿತು. 2012ರಲ್ಲಿ ಅಮೆರಿಕದಲ್ಲಿ ಸುಮಾರು 1,500 ಗಯಾರ್ಡೊಗಳು ಪವರ್ ಸ್ಟೀರಿಂಗ್ ಆಯಿಲ್ ಸೋರಿ ಬೆಂಕಿ ಹತ್ತುವ ಭಯಕ್ಕೆ ವಾಪಸಾದವು. 2022ರಲ್ಲಿ ಅಲ್ಲೇ 23,555 ಫೆರಾರಿಗಳು, 2005ರಿಂದ 2022ರವರೆಗಿನವು, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಬದಲಿಸಿಕೊಳ್ಳಲು ಬಂದವು. ಮುಚ್ಚಳದಲ್ಲಿ ಗಾಳಿಯಾಡದೆ ಬ್ರೇಕ್ ಕೈಕೊಡಬಹುದೆಂಬ ಕಾರಣಕ್ಕೆ. ಇವೆಲ್ಲ ಉಚಿತವಾಗಿ ಆಗುವ ಕೆಲಸ. ಕಾರಿನ ಚಾಸಿ ನಂಬರ್ ಕೊಟ್ಟು ಕಂಪನಿಯ ಡೀಲರಿನಲ್ಲಿ ವಿಚಾರಿಸಿದರೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ವಿಚಾರಿಸುವವರು ಕಡಿಮೆ.

ನಮ್ಮ ರಸ್ತೆಗೆ ಬಂದಾಗ

ಕರ್ನಾಟಕದಲ್ಲಿ ಕೊಳ್ಳುವವರಿಗೆ ಯಂತ್ರದ ರೋಗಕ್ಕಿಂತ ಮುಂಚೆ ಕಾಗದದ ರೋಗ ನೋಡಬೇಕು. 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಇಲ್ಲಿ ಜೀವಾವಧಿ ತೆರಿಗೆ ಶೇ. 18, ಅದರ ಮೇಲಿನ ಸೆಸ್ ಸೇರಿದರೆ ಹೆಚ್ಚುಕಡಿಮೆ ಶೇ. 20. ಮೂರು ಕೋಟಿಯ ಹೊಸ ಕಾರಿಗೆ ಸುಮಾರು 60 ಲಕ್ಷ. ಹಾಗಾಗಿ ತೆರಿಗೆ ಕಡಿಮೆಯಿರುವ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುವ ಚಾಳಿ ಹಳೆಯದು. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಒಂದೇ ದಿನದ ಕಾರ್ಯಾಚರಣೆಯಲ್ಲಿ ಫೆರಾರಿ, ಪೋರ್ಷೆ, ಆಸ್ಟನ್ ಮಾರ್ಟಿನ್ ಸೇರಿ 30 ಐಷಾರಾಮಿ ಕಾರು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಎಸ್‌ಎಫ್‌90 ಕಾರಿನ ಮಾಲೀಕರು ಬೆಂಗಳೂರಿನಲ್ಲಿ ತೆರಿಗೆ, ದಂಡ ಸೇರಿಸಿ ಕಟ್ಟಿದ್ದು 1.42 ಕೋಟಿ ರೂಪಾಯಿ. ಒಂದೇ ಬಿಲ್ಲಿನಲ್ಲಿ ಹೋದ ಈ ಹಣಕ್ಕೆ ಎಫ್‌355ರ ಬೆಲ್ಟನ್ನು ಹದಿನಾರು ಬಾರಿ, ಅಂದರೆ ನಲವತ್ತೆಂಟು ವರ್ಷ ಬದಲಿಸಬಹುದಿತ್ತು.

ಬೇರೆ ರಾಜ್ಯದ ನಂಬರಿನ ಹಳೆಯ ಕಾರು ಅಗ್ಗವಾಗಿ ಕಾಣುವುದು ಇದಕ್ಕೇ. ಇಲ್ಲಿಗೆ ತಂದರೆ ತೆರಿಗೆ ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ವಯಸ್ಸಿನ ರಿಯಾಯಿತಿ ಕಳೆದು. ಆರ್‌ಟಿಒದಲ್ಲಿ ಆ ಮೊತ್ತ ಕೇಳಿ ತಿಳಿದ ಮೇಲೆಯೇ ಬೆಲೆಯ ಮಾತು ಶುರುಮಾಡಿ. 15 ವರ್ಷ ತುಂಬಿದ ಆಮದು ಕಾರಿನ ನೋಂದಣಿ ನವೀಕರಣಕ್ಕೆ ಕೇಂದ್ರ 2022ರಲ್ಲಿ ಗೊತ್ತುಮಾಡಿದ ಶುಲ್ಕ 40,000 ರೂಪಾಯಿ. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 80,000 ಮಾಡಿತು. 2003ರಿಂದ 2013ರವರೆಗೆ 14,022 ತಯಾರಾದ ಗಯಾರ್ಡೊಗಳಲ್ಲಿ ಮೊದಮೊದಲಿನವು ಈಗ ಆ ಗೆರೆ ದಾಟಿವೆ.

ವಿಮೆಯ ಪುಸ್ತಕದಲ್ಲಿ ಒಂದು ತಮಾಷೆ ಇದೆ. 1,500 ಸಿಸಿ ಮೀರಿದ ಎಲ್ಲ ಖಾಸಗಿ ಕಾರುಗಳಿಗೆ 2022ರ ಜೂನ್ ದರದಂತೆ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 7,897 ರೂಪಾಯಿ. ಇನೋವಾಕ್ಕೂ ಅಷ್ಟೇ, ಹತ್ತು ಸಿಲಿಂಡರಿನ ಲ್ಯಾಂಬೊರ್ಗಿನಿಗೂ ಅಷ್ಟೇ. ನಗು ಅಲ್ಲಿಗೆ ನಿಲ್ಲುತ್ತದೆ. ಸ್ವಂತ ಹಾನಿಯ ಕ್ಲೇಮಿನಲ್ಲಿ ರಬ್ಬರು, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ. ಲೋಹದ ಭಾಗಗಳಿಗೆ 5ರಿಂದ 10 ವರ್ಷದ ಕಾರಾದರೆ ಶೇ. 40, ಹತ್ತು ದಾಟಿದರೆ ಶೇ. 50. ಎಂಟು ವರ್ಷದ ಕಾರಿಗೆ ಸಣ್ಣ ಅಪಘಾತವಾಗಿ ಲೋಹದ ಭಾಗ 10 ಲಕ್ಷ, ಪ್ಲಾಸ್ಟಿಕ್ 6 ಲಕ್ಷದ ಬಿಲ್ ಬಂದರೆ ನಿಮ್ಮ ಜೇಬಿನಿಂದ 4 ಮತ್ತು 3, ಒಟ್ಟು 7 ಲಕ್ಷ. ಇಷ್ಟೊಂದು ಸವಕಳಿ ತಪ್ಪಿಸುವ ಝೀರೊ ಡೆಪ್ ಪಾಲಿಸಿ ಇಷ್ಟು ಹಳೆಯ ಕಾರಿಗೆ ಸಿಗುವುದು ಕಷ್ಟ. ಕ್ಲಚ್, ಬೆಲ್ಟು, ಬೇರಿಂಗ್‌ಗಳಂಥ ಸವೆತದ ಖರ್ಚು ಯಾವ ಮಾಮೂಲಿ ಪಾಲಿಸಿಯಲ್ಲೂ ಬರುವುದಿಲ್ಲ.

ಈಗ ಒಂದು ಪೂರ್ತಿ ವರ್ಷದ ಅಂದಾಜು. 1.5 ಕೋಟಿಗೆ ಕೊಂಡ ಹಳೆಯ ಸೂಪರ್‌ಕಾರು, ವರ್ಷಕ್ಕೆ 3,000 ಕಿಲೋಮೀಟರ್ ಓಟ. ಅದೇ ಹಣ ಬ್ಯಾಂಕಿನಲ್ಲಿದ್ದರೆ ಶೇ. 7ರಂತೆ ಬರುತ್ತಿದ್ದ ಬಡ್ಡಿ 10.5 ಲಕ್ಷ. ವಿಮೆಗೆ 2.5 ಲಕ್ಷ ಹಿಡಿದಿದ್ದೇನೆ, ವಾರ್ಷಿಕ ಸರ್ವೀಸಿಗೆ 3, ಟಯರಿನ ಪಾಲು 1, ದೊಡ್ಡ ರಿಪೇರಿಯ ನಿಧಿಗೆ ಬೆಲೆಯ ಶೇ. 3, ಅಂದರೆ 4.5 ಲಕ್ಷ. ಒಟ್ಟು 21.5 ಲಕ್ಷ, ಕಿಲೋಮೀಟರಿಗೆ 717 ರೂಪಾಯಿ, ಪೆಟ್ರೋಲ್ ಬೇರೆ. ಇದರಲ್ಲಿ ಸರ್ವೀಸು, ರಿಪೇರಿ ಸೇರಿ 7.5 ಲಕ್ಷ, ಶೇ. 35. ಕಣ್ಣಿಗೆ ಕಾಣದ ಬಡ್ಡಿಯೇ ಶೇ. 49. ಹಾಳಾಗುತ್ತದೆಂಬ ಭಯದಲ್ಲಿ ಕೊಳ್ಳದೆ ಹಿಂದೆ ಸರಿಯುವವರು ತಪ್ಪು ಸಾಲನ್ನು ನೋಡುತ್ತಿದ್ದಾರೆ. ಆದರೆ ಬಡ್ಡಿ ಪ್ರತಿ ವರ್ಷ ಸದ್ದಿಲ್ಲದೆ ಹೋಗುತ್ತದೆ. ರಿಪೇರಿ ನಾಲ್ಕು ವರ್ಷ ಸುಮ್ಮನಿದ್ದು ಐದನೆಯ ವರ್ಷ 22.5 ಲಕ್ಷವಾಗಿ ಬಾಗಿಲಿಗೆ ಬರುತ್ತದೆ. ಮನೆಗೆಡಿಸುವುದು ಮೊತ್ತವಲ್ಲ, ಅದು ಬರುವ ರೀತಿ.

ಕಾರಿನ ಬೆಲೆ ಇಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನಾಲ್ಕು ಕೋಟಿಯ ಕಾರು ಒಂದೂವರೆಗೆ ಬಂದರೂ ಅದರ ಬ್ರೇಕ್ ಡಿಸ್ಕಿಗೆ, ಹೆಡ್‌ಲೈಟಿಗೆ ನಾಲ್ಕು ಕೋಟಿಯ ಕಾರಿನ ದರವೇ. ಆನೆ ಅರ್ಧ ಬೆಲೆಗೆ ಸಿಕ್ಕಿತೆಂದು ಅದು ಅರ್ಧ ಹೊಟ್ಟೆ ತಿನ್ನುವುದಿಲ್ಲ. ಹಳೆಯ ಸೂಪರ್‌ಕಾರು ಮಾರುವವರಲ್ಲಿ ಅನೇಕರು ಕಾರು ಕೆಟ್ಟದ್ದಕ್ಕಲ್ಲ, ಮುಂದಿನ ದೊಡ್ಡ ಸರ್ವೀಸಿನ ಹೊತ್ತು ಹತ್ತಿರವಾದದ್ದಕ್ಕೆ ಮಾರುತ್ತಾರೆ ಎಂಬುದು ನನ್ನ ಗುಮಾನಿ. ಕಳೆದ ಬೆಲ್ಟಿನ ತಾರೀಖಿನಿಂದ ಮೂರು ವರ್ಷ ಎಣಿಸಿ ನೋಡಿ, ಜಾಹೀರಾತು ಯಾವ ತಿಂಗಳು ಬಂದಿದೆ ಎಂದು.

ಹಣ ಕೊಡುವ ಮೊದಲು ಮಾಡಿಸಬೇಕಾದ ಪರೀಕ್ಷೆಗೆ ಅಮೆರಿಕದಲ್ಲಿ 300ರಿಂದ 600 ಡಾಲರ್ ಆಗುತ್ತದೆ. 30,000 ಡಾಲರಿನ ಪೋರ್ಷೆಗೆ ಅದು ಹೆಚ್ಚೆಂದರೆ ಶೇ. 2. ಒಂದೊಂದು ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು, ಸಿಲಿಂಡರಿನೊಳಗೆ ಕ್ಯಾಮೆರಾ, ಎಂಜಿನ್ ಮಿತಿಮೀರಿ ಎಷ್ಟು ಸಲ ತಿರುಗಿತೆಂದು ಕಂಪ್ಯೂಟರಿನಿಂದ ಓದುವುದು, ಕ್ಲಚ್ ಸವೆತದ ಅಂಕಿ, ಬಣ್ಣದ ದಪ್ಪ. ಟಯರಿನ ಪಕ್ಕದ ನಾಲ್ಕು ಅಂಕಿ ಓದಲು ಮೆಕ್ಯಾನಿಕ್ ಬೇಕಿಲ್ಲ: 2319 ಎಂದಿದ್ದರೆ 2019ರ 23ನೆಯ ವಾರದ್ದು. ಸವೆತವಿಲ್ಲದ ಹೊಳೆಯುವ ಟಯರೂ ಏಳೆಂಟು ವರ್ಷದ್ದಾದರೆ 300 ಕಿಲೋಮೀಟರ್ ವೇಗಕ್ಕೆ ನಂಬುವಂಥದ್ದಲ್ಲ. 'ಎಲ್ಲ ಕಂಪನಿ ಸರ್ವೀಸೇ ಸರ್' ಎನ್ನುವ ಮಾತಿಗೆ ಬೆಲೆಯಿಲ್ಲ. ತಾರೀಖು, ಕಿಲೋಮೀಟರ್, ಬದಲಿಸಿದ ಭಾಗದ ಹೆಸರು ಮೂರೂ ಇರುವ ಬಿಲ್ಲಿಗೆ ಬೆಲೆ. ಫೆರಾರಿ ತನ್ನ ಹೊಸ ಕಾರುಗಳಿಗೆ ಕೊಡುವ ಏಳು ವರ್ಷದ ನಿಗದಿತ ಸರ್ವೀಸ್ ಮಾಲೀಕರು ಬದಲಾದರೂ ಮುಂದುವರಿಯುವುದರಿಂದ, 2012ರ ಈಚೆಗಿನ ಕಾರುಗಳಲ್ಲಿ ಇಂಥ ದಾಖಲೆ ಸಿಗುವುದು ಸುಲಭ.

ನನ್ನ ತೀರ್ಪು ಇಷ್ಟು. ನಿಮ್ಮ ಕೈಯಲ್ಲಿ 1.5 ಕೋಟಿ ಇದ್ದರೆ 1.2 ಕೋಟಿಯ ಕಾರು ನೋಡಿ, ಉಳಿದ 30 ಲಕ್ಷವನ್ನು ಮುಟ್ಟದೆ ಇಡಿ. ಸಾಲ ಮಾಡಿ ಹಳೆಯ ಫೆರಾರಿ ಕೊಳ್ಳಬೇಡಿ. ಎಫ್‌355ಗಿಂತ 360, ಎಫ್‌1 ಗೇರಿಗಿಂತ ಮ್ಯಾನ್ಯುಯಲ್, ಮುಟ್ಟದೆ ಇಟ್ಟದ್ದಕ್ಕಿಂತ ಓಡಿದ ಕಾರು. ನಿಮ್ಮ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೆ ಏರಿಸಿ ನೋಡಲು ಮಾರುವವರು ಒಪ್ಪದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರು ಬೇಡ.